ಸಹಾಯ ಬೇಕು: ಗಾಲಪಗೋಸ್‌ಗೆ ಅಕ್ಟೋಬರ್ ಸರಿನಾ, ಡಿಸೆಂಬರ್ ಮೊದಲ ವಾರ ಸರಿನಾ?

ನಮಸ್ಕಾರ. ಈಕ್ವೆಡಾರ್‌ಗೆ ಸೇರಿದ ಗಾಲಪಗೋಸ್ ದ್ವೀಪಸಮೂಹದ ಎಸ್ಪಾನ್ಯೋಲಾ ದ್ವೀಪ ನೋಡಿಬಂದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನೋಡಲೇಬೇಕಿರೋದು ವೇವ್ಡ್ ಆಲ್ಬಟ್ರಾಸ್. ಈ ಹಕ್ಕಿ ಮರಿ ಮಾಡೋದು ಹೆಚ್ಚುಕಮ್ಮಿ ಅದೊಂದೇ ದ್ವೀಪದಲ್ಲಿ, ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಜೊತೆಗೆ ಬರ್ತಿರೋ ಅಮ್ಮನಿಗೆ ಘಾಟಿ ರಸ್ತೆಯಲ್ಲೇ ವಾಂತಿ ಆಗುತ್ತೆ. ಹಾಗಾಗಿ ಎಂಟು ದಿನದ ಹಡಗು ಪ್ರವಾಸ ಕೈಬಿಟ್ಟು, ಅಲ್ಲೇ ಇರೋ ಸ್ಯಾನ್ ಕ್ರಿಸ್ಟೋಬಲ್ ದ್ವೀಪದಲ್ಲಿ ರೂಮ್ ಮಾಡಿ ಅಲ್ಲಿಂದ ಸ್ಪೀಡ್‌ಬೋಟ್‌ನಲ್ಲಿ ಒಂದು ದಿನದ ಟೂರ್ ಮಾಡೋ ಯೋಚನೆ. ಹೋಗೋಕೆ ಸುಮಾರು ಎರಡು ಗಂಟೆ, ಬರೋಕೂ ಅಷ್ಟೇ, ಎಲ್ಲಾ ತೆರೆದ ಸಮುದ್ರ.

ತೊಡಕು ಇರೋದು ತಿಂಗಳಲ್ಲಿ. ಅಕ್ಟೋಬರ್‌ನಲ್ಲಿ ಹಕ್ಕಿ ಖಂಡಿತ ಸಿಗುತ್ತೆ, ಆದ್ರೆ ಹಂಬೋಲ್ಟ್ ಅನ್ನೋ ಸಮುದ್ರ ಪ್ರವಾಹದ ತಣ್ಣೀರಿನ ಕಾಲ ಅದು, ಅಲೆ ಜೋರು. ಡಿಸೆಂಬರ್‌ಗೆ ಸಮುದ್ರ ಶಾಂತವಾಗ್ತಾ ಬರುತ್ತೆ, ಆದ್ರೆ ಅಷ್ಟರಲ್ಲಿ ಹಕ್ಕಿಗಳು ಹೊರಡೋಕೆ ಶುರು ಮಾಡಿರ್ತವೆ. ಟೂರ್‌ನವರನ್ನ ಕೇಳಿದ್ರೆ ಒಬ್ಬರು "ಬನ್ನಿ, ಇರುತ್ತೆ" ಅಂತಾರೆ, ಇನ್ನೊಬ್ಬರು ಭರವಸೆ ಕೊಡಲ್ಲ. ಬೋಟ್‌ನಲ್ಲಿ ಹಿಂದಿನ ಸೀಟು, ಹೊರಡೋ ಮುಂಚೆ ಅವೊಮಿನ್ ಮಾತ್ರೆ, ಇದೆಲ್ಲ ಯೋಚಿಸಿದ್ದಾಗಿದೆ.

ಇನ್ನೊಂದು ಚಿಂತೆ: ಎಸ್ಪಾನ್ಯೋಲಾದಲ್ಲಿ ಈ ಹಕ್ಕಿ ನೋಡೋ ಜಾಗ ಪುಂಟಾ ಸುವಾರೆಜ್, ಅಲ್ಲಿನ ದಾರಿ ಪೂರ್ತಿ ಬಂಡೆಕಲ್ಲು. ಗೈಡ್ ಇಲ್ಲದೆ ಅಲ್ಲಿ ಓಡಾಡೋ ಹಾಗಿಲ್ಲ. ಒಬ್ಬ ಗೈಡ್ ಹಿಂದೆ ಹೆಚ್ಚೆಂದ್ರೆ 16 ಜನ, ಎಲ್ಲರೂ ಒಟ್ಟಿಗೇ ನಡೀಬೇಕು. ಮಂಡಿನೋವು ಇರೋರು ಮಧ್ಯದಲ್ಲಿ ಕೂತ್ಕೊಳ್ಳೋಕೆ ಬಿಡ್ತಾರಾ?

ಡಿಸೆಂಬರ್ ಮೊದಲ ವಾರ ಹೋದವರಿಗೆ ಆಲ್ಬಟ್ರಾಸ್ ಸಿಕ್ತಾ? ದೊಡ್ಡ ಹಕ್ಕಿಗಳೋ, ಬರೀ ಮರಿಗಳೋ? ಅಕ್ಟೋಬರ್‌ನಲ್ಲಿ ಹೋದವರು ಬೋಟ್ ಎಷ್ಟು ಕುಲುಕ್ತು ಅಂತ ತಿಳಿಸಿ.