ಹಳೇ ವ್ಯಾನಿನ ಫ್ಯೂಯಲ್ ಪಂಪ್ ಮುಗಿಯಿತಾ? ಈಗಲೇ ಬದಲಿಸಬೇಕಾ?

ಹಿಟ್ಟಿನ ವ್ಯಾನ್, ಠಾಣೆ
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಠಾಣೆಯಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಹೋಟೆಲ್‌ಗಳಿಗೆ ಕೊಡುತ್ತೇನೆ. ವ್ಯಾನ್ 2011ರದ್ದು, 1,68,000 ಕಿ.ಮೀ. ಓಡಿದೆ. ಪೆಟ್ರೋಲ್ ಗಾಡಿ, ಆಮೇಲೆ ಸಿಎನ್‌ಜಿ ಕಿಟ್ ಹಾಕಿಸಿದ್ದು.

ಒಂದು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಕೀ ಎರಡು ಸಲ ಆನ್-ಆಫ್ ಮಾಡಿದರೆ ಮಾತ್ರ ಹಿಡಿಯುತ್ತದೆ. ಟ್ಯಾಂಕ್ ಕಡೆಯಿಂದ ಗುಂಯ್ ಅನ್ನುವ ಸದ್ದು. ಮಂಗಳವಾರ ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಏರಿನಲ್ಲಿ ಗ್ಯಾಸ್ ಮುಗಿಯಿತು. ಪೆಟ್ರೋಲ್‌ಗೆ ಹಾಕಿದೆ, ನಾಲ್ಕು ಜರ್ಕ್ ಹೊಡೆದು ನಿಂತೇಬಿಟ್ಟಿತು. ಹಿಂದೆ 120 ಕಿಲೋ ಹಿಟ್ಟು. ಬಿಸಿಲೇರುವ ಹೊತ್ತಿಗೆ ಡಬ್ಬಿಯ ಮುಚ್ಚಳ ಎತ್ತಿ ಉಕ್ಕುತ್ತಿತ್ತು. ಎರಡು ಹೋಟೆಲ್‌ಗಳಲ್ಲಿ ಅವತ್ತು ಇಡ್ಲಿಯೇ ಇಲ್ಲ. ಹತ್ತು ವರ್ಷದಿಂದ ನನ್ನನ್ನು ನಂಬಿದವರು, ತುಂಬಾ ಬೇಜಾರಾಯಿತು.

ಪಂಪ್ ಬದಲಿಸಿ ಅನ್ನುತ್ತಾರೆ. ಅದರ ಆಯಸ್ಸು ಇಷ್ಟೇನಾ? ಗಾಡಿ ಓಡುವುದು ಜಾಸ್ತಿ ಗ್ಯಾಸ್‌ನಲ್ಲೇ ಅಲ್ವಾ, ಪಂಪ್ ಯಾಕೆ ಸವೆಯಬೇಕು?

ಹಡಪ್ಸರ್ ಗ್ಯಾರೇಜ್, ಪುಣೆ
ಅಣ್ಣಾ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇಟ್ಟಿರುತ್ತೀರಿ? ನನ್ನ ಅನುಮಾನ ಅಲ್ಲೇ.

ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಈ ಪಂಪ್ ಟ್ಯಾಂಕಿನ ಒಳಗೇ ಕೂತಿರುತ್ತದೆ. ಪೆಟ್ರೋಲ್ ಅದರ ಮೋಟಾರಿನ ಮೂಲಕವೇ ಹರಿದು ಹೋಗುತ್ತದೆ. ಮೋಟಾರನ್ನು ತಂಪು ಮಾಡುವುದೂ ಅದೇ, ಜಾರು ಕೊಡುವುದೂ ಅದೇ. ಹೊರಗೆ ಹಾಕಿಸಿದ ಕೆಲವು ಕಿಟ್‌ಗಳಲ್ಲಿ ಗಾಡಿ ಗ್ಯಾಸ್‌ನಲ್ಲಿ ಓಡುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ತಳದಲ್ಲಿ ಎರಡು ಲೀಟರ್ ಇದ್ದರೆ ಅದೇ ಬಿಸಿ ಪೆಟ್ರೋಲ್ ಸುತ್ತುತ್ತದೆ, ಏರಿನಲ್ಲಿ ಗಾಳಿಯನ್ನೂ ಎಳೆಯುತ್ತದೆ. ಚೆನ್ನಾಗಿ ನೋಡಿಕೊಂಡ ಪಂಪ್ 2 ಲಕ್ಷ ದಾಟಿದ್ದು ನೋಡಿದ್ದೇನೆ. ಗ್ಯಾಸ್ ಗಾಡಿಯಲ್ಲಿ 60 ಸಾವಿರಕ್ಕೇ ಸುಟ್ಟಿದ್ದೂ ನೋಡಿದ್ದೇನೆ.

ಆದರೂ ಸುಮ್ನೆ ಪಂಪ್ ಕೊಳ್ಳಬೇಡಿ. ಎರಡು ಸಲ ಕೀ ತಿರುಗಿಸಿದರೆ ಹಿಡಿಯುತ್ತದೆ ಅಂದರೆ ರಾತ್ರಿ ಪೆಟ್ರೋಲ್ ಲೈನಿನ ಪ್ರೆಶರ್ ಇಳಿಯುತ್ತಿದೆ, ಇಲ್ಲವೇ ಪಂಪ್ ನಿಧಾನ ಆಗಿದೆ. ಪ್ರೆಶರ್ ಗೇಜ್ ಹಾಕಿಸಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು. ಪಂಪ್ ಓಡುತ್ತಿರುವಾಗ ಅದರ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿಸಿ. ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ಸುಟ್ಟಿದ್ದಕ್ಕೋ ಅರ್ತ್ (ಗಾಡಿಯ ಕಬ್ಬಿಣಕ್ಕೆ ಬಿಗಿದ ನೆಗೆಟಿವ್ ವೈರ್) ತುಕ್ಕು ಹಿಡಿದಿದ್ದಕ್ಕೋ ಒಳ್ಳೆಯ ಪಂಪ್ ಬಿಸಾಡಿದವರು ಬೇಕಾದಷ್ಟು ಜನ. ಕಡಲ ಊರಿನಲ್ಲಂತೂ ಮೊದಲು ಅರ್ತ್ ನೋಡಬೇಕು.

ಮಡಗಾಂವ್ ಟೆಂಪೊ
ನನ್ನದೂ ಹಳೇ ಗಾಡಿ. ಟ್ಯಾಂಕ್ ಇಳಿಸಿದಾಗ ಪಂಪಿನ ಬಾಯಿಯ ಜಾಲರಿ, ಫಿಲ್ಟರ್, ರಬ್ಬರ್ ಪೈಪ್, ಸೀಲ್ ಎಲ್ಲ ನೋಡಿಸಿ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ. ಅದು ನೀರು ಹೀರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಡಬೇಡಿ, ಮಳೆಗಾಲದಲ್ಲಂತೂ ಬೇಡ. ಟ್ಯಾಂಕ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಿ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ.

ಹಿಟ್ಟಿನ ವ್ಯಾನ್, ಠಾಣೆ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ಯಾಂಕಿನಲ್ಲಿ ಇದ್ದದ್ದು ಮೂರು ಲೀಟರ್ ಕೂಡ ಇಲ್ಲ. ವರ್ಷಗಟ್ಟಲೆ ಹಾಗೇ ಓಡಿಸಿದ್ದೆ.

ಪಂಪಿಗೆ ಬರುತ್ತಿದ್ದದ್ದು 9.8 ವೋಲ್ಟ್. ಹಿಂದಿನ ಅರ್ತ್ ಬೋಲ್ಟ್ ತುಕ್ಕಿನಲ್ಲಿ ಮುಳುಗಿತ್ತು. ಉಜ್ಜಿ ಬಿಗಿ ಮಾಡಿದ ಮೇಲೆ 12 ದಾಟಿತು. ಪ್ರೆಶರ್ 1.8ರಿಂದ 2.3ಕ್ಕೆ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಜಾಲರಿ ತೆಗೆದರೆ ಕಪ್ಪು ಕೆಸರು. ಹೊಸ ಜಾಲರಿ, ಹೊಸ ಫಿಲ್ಟರ್ ಹಾಕಿದರೂ ಅಷ್ಟೇ. ಹಾಗಾಗಿ ಪಂಪ್ ಬದಲಿಸಿದೆವು. ಅರ್ತ್ ನೋಡದೆ ಹಾಕಿದ್ದರೆ ಹೊಸ ಪಂಪ್ ಕೂಡ 9.8 ವೋಲ್ಟ್‌ನಲ್ಲೇ ಒದ್ದಾಡುತ್ತಿತ್ತು.

ಈಗ ಟ್ಯಾಂಕಿನಲ್ಲಿ 15 ಲೀಟರ್‌ಗಿಂತ ಕಡಿಮೆ ಆಗಲು ಬಿಡುವುದಿಲ್ಲ. ಹಳೇ ಪೆಟ್ರೋಲ್ ಉಳಿಯದ ಹಾಗೆ ದಿನಾ ಮೊದಲ ಐದು ಕಿ.ಮೀ. ಪೆಟ್ರೋಲ್‌ನಲ್ಲೇ ಹೋಗುತ್ತೇನೆ. ಇವತ್ತು ಗಾಯ್‌ಮುಖ್ ಏರಿನಲ್ಲಿ ಬೇಕಂತಲೇ ಪೆಟ್ರೋಲ್‌ಗೆ ಹಾಕಿ ನೋಡಿದೆ. ಒಂದು ಜರ್ಕ್ ಇಲ್ಲ. ಐದೂವರೆಗೆ ಮೀರಾ ರೋಡ್‌ನಲ್ಲಿ ಹಿಟ್ಟು ಇಳಿಸಿದೆ.

ಹಡಪ್ಸರ್ ಅಣ್ಣಾ, ಗ್ಯಾಸ್‌ನಲ್ಲಿ ಓಡುವಾಗ ನನ್ನ ಪಂಪ್ ಕೂಡ ತಿರುಗುತ್ತಲೇ ಇದೆ, ಕಿವಿಗೊಟ್ಟು ಕೇಳಿದೆ. ಅದನ್ನು ನಿಲ್ಲಿಸುವ ರಿಲೇ ಈ ಹಳೇ ಕಿಟ್‌ಗೆ ಹಾಕಿಸಬಹುದಾ?