‘ನಾರ್ಮಲಿ ಓಪನ್’ಗೆ ‘ಸಾಮಾನ್ಯವಾಗಿ ತೆರೆದ’ ಅನ್ನೋದು ಸರಿನಾ? ರಿಲೇ ಸೆಟ್ಟಿಂಗ್ ಪದಗಳ ಬಗ್ಗೆ

ಎಲ್ರಿಗೂ ನಮಸ್ಕಾರ. ಹಾಲಿನ ಡೇರಿಯಲ್ಲಿ ಪಾಶ್ಚರೈಸರ್ ನಡೆಸೋ ಆಪರೇಟರ್‌ಗಳಿಗೆ ಅಂತ ಟೆಂಪರೇಚರ್ ಕಂಟ್ರೋಲರ್‌ನ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ರೆ ನಡೆಯೋ ಸ್ವಿಚ್) ಔಟ್‌ಪುಟ್ ಸೆಟ್ ಮಾಡೋದು ಹೇಗೆ ಅನ್ನೋದನ್ನ ಕನ್ನಡದಲ್ಲಿ ಬರೀತಿದೀನಿ, ಕೆಲವು ಪದ ಸರಿಯಾಗಿ ಕೂತ್ಕೋತಿಲ್ಲ, ಅದಕ್ಕೆ ನಿಮ್ಮನ್ನ ಕೇಳ್ತಿದೀನಿ.

ಮುಖ್ಯವಾದ್ದು ‘ನಾರ್ಮಲಿ ಓಪನ್’ (ಎನ್‌ಒ), ‘ನಾರ್ಮಲಿ ಕ್ಲೋಸ್ಡ್’ (ಎನ್‌ಸಿ), ಅಂದ್ರೆ ರಿಲೇ ಒಳಗೆ ಕರೆಂಟ್ ದಾಟಿಸೋ ಕಾಂಟ್ಯಾಕ್ಟ್‌ನ ಎರಡು ಬಗೆ. ಇದನ್ನ ‘ಸಾಮಾನ್ಯವಾಗಿ ತೆರೆದ’, ‘ಸಾಮಾನ್ಯವಾಗಿ ಮುಚ್ಚಿದ’ ಅಂತ ಬರೆದುಬಿಡೋದು ಸುಲಭ, ಆದ್ರೆ ಓದೋರಿಗೆ ಉಲ್ಟಾ ಅರ್ಥ ಹೋಗತ್ತೆ ಅನ್ನೋದು ನನ್ನ ವಾದ. ಇಲ್ಲಿ ನಾರ್ಮಲ್ ಅಂದ್ರೆ ದಿನಾ ಇರೋ ಸ್ಥಿತಿ ಅಲ್ಲ, ರಿಲೇ ಕಾಯಿಲ್‌ಗೆ ಕರೆಂಟೇ ಇಲ್ದಿದ್ದಾಗಿನ ಸ್ಥಿತಿ.

ಪಾಶ್ಚರೈಸರ್‌ನೇ ನೋಡಿ. ಹಾಲು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಇರ್ಬೇಕು, ಅದಕ್ಕಿಂತ ಬಿಸಿ ಇಳಿದ್ರೆ ಡೈವರ್ಶನ್ ವಾಲ್ವ್ ಆ ಹಾಲನ್ನ ವಾಪಸ್ ಬ್ಯಾಲೆನ್ಸ್ ಟ್ಯಾಂಕ್‌ಗೆ ತಿರುಗಿಸ್ಬೇಕು. ಈ ವಾಲ್ವ್‌ನ ಸೊಲೆನಾಯ್ಡ್‌ಗೆ (ವಾಲ್ವ್ ನಡೆಸೋ ಕಾಯಿಲ್‌ಗೆ) ಕರೆಂಟ್ ಇದ್ರೆ ಹಾಲು ಮುಂದೆ ಹೋಗತ್ತೆ, ಕರೆಂಟ್ ಹೋದ್ರೆ ಸ್ಪ್ರಿಂಗ್ ಒತ್ತಿ ವಾಪಸ್ ತಿರುಗತ್ತೆ. ಅದಕ್ಕೇ ಕಂಟ್ರೋಲರ್‌ನಲ್ಲಿ ಲೋ ಅಲಾರಂ (ಬಿಸಿ ಇಳಿದಾಗ ಬರೋ ಅಲಾರಂ) ರಿಲೇನ ಫೇಲ್‌ಸೇಫ್ ಅಂತ ಸೆಟ್ ಮಾಡಿ, ಸೊಲೆನಾಯ್ಡ್ ವೈರನ್ನ ಎನ್‌ಒ ಟರ್ಮಿನಲ್‌ಗೆ ಕೊಡೋದು: ಎಲ್ಲಾ ಸರಿ ಇದ್ದಾಗ ಕಾಯಿಲ್‌ಗೆ ಕರೆಂಟ್ ಇದ್ದು ರಿಲೇ ಹಿಡ್ಕೊಂಡಿರತ್ತೆ, ಅಲಾರಂ ಬಂದ್ರೆ ಬಿಡತ್ತೆ, ಕಂಟ್ರೋಲರ್‌ಗೇ ಸಪ್ಲೈ ಹೋದ್ರೂ ಬಿಡತ್ತೆ. ಅಂದ್ರೆ ಪ್ಲಾಂಟ್ ನಡೀತಿರೋವಾಗ ಈ ‘ಸಾಮಾನ್ಯವಾಗಿ ತೆರೆದ’ ಕಾಂಟ್ಯಾಕ್ಟ್ ಇಡೀ ದಿನ ಮುಚ್ಕೊಂಡೇ ಇರತ್ತೆ! ಮೀಟರ್ ಹಿಡಿದು ಚೆಕ್ ಮಾಡೋ ಹುಡುಗ ನಮ್ಮ ಪುಸ್ತಕ ನಂಬಿದ್ರೆ ರಿಲೇ ಕೆಟ್ಟಿದೆ ಅಂದ್ಕೊಂಡು ವೈರನ್ನ ಎನ್‌ಸಿಗೆ ಬದಲಾಯಿಸಿಬಿಡಬಹುದು, ಆಗ ಬಿಸಿ ಸಾಲದ ಹಾಲು ಮುಂದಕ್ಕೆ ಹೋಗತ್ತೆ.

ಇನ್ನು ‘ತೆರೆದ’ ಅನ್ನೋದೂ ತೊಂದ್ರೇನೇ. ವಾಲ್ವ್ ತೆರೆದ್ರೆ ಹಾಲು ಹರಿಯತ್ತೆ, ಕಾಂಟ್ಯಾಕ್ಟ್ ತೆರೆದ್ರೆ ಕರೆಂಟ್ ನಿಲ್ಲತ್ತೆ, ಒಂದೇ ಪುಟದಲ್ಲಿ ಎರಡೂ ಬಂದ್ರೆ ಯಾರಿಗೆ ತಾನೇ ಅರ್ಥ ಆಗತ್ತೆ. ನಮ್ಮ ಕಡೆ ಪಂಪ್‌ಸೆಟ್ ಇಟ್ಕೊಂಡಿರೋ ರೈತರು ‘ಸ್ಟಾರ್ಟರ್ ಹಿಡೀತಿಲ್ಲ’, ‘ಹಿಡಿದು ಬಿಡ್ತಿದೆ’ ಅಂತಾರಲ್ಲ, ಆ ಹಿಡಿ-ಬಿಡು ಜೋಡಿ ಕಾಯಿಲ್‌ಗೆ ಚೆನ್ನಾಗಿ ಒಪ್ಪತ್ತೆ. ಕಾಂಟ್ಯಾಕ್ಟ್‌ಗೆ ‘ಕೂಡಿದೆ’, ‘ಬೇರೆ ಆಗಿದೆ’ ಅನ್ನಬಹುದಾ? ಸದ್ಯಕ್ಕೆ ನಾನು ಎನ್‌ಒ ಅಂದ್ರೆ ‘ರಿಲೇ ಹಿಡಿದಾಗ ಕೂಡೋದು’, ಎನ್‌ಸಿ ಅಂದ್ರೆ ‘ರಿಲೇ ಬಿಟ್ಟಾಗ ಕೂಡೋದು’ ಅಂತ ಬರೆದಿದೀನಿ. ಟರ್ಮಿನಲ್ ಪಕ್ಕ ಅಚ್ಚಾಗಿರೋ ಎನ್‌ಒ, ಎನ್‌ಸಿನ ಹಾಗೇ ಬಿಟ್ಟಿದೀನಿ, ಅದನ್ನ ಮುಟ್ಟಬಾರದು.

‘ಫೇಲ್‌ಸೇಫ್’ಗೆ ಯಾರೋ ‘ವಿಫಲ-ಸುರಕ್ಷಿತ’ ಅಂದ್ರು, ನಂಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಆ ಸೆಟ್ಟಿಂಗ್ ಹಾಕಿದ ಮಾತ್ರಕ್ಕೆ ಎಲ್ಲಾ ಸುರಕ್ಷಿತ ಆಗಲ್ಲ. ಬಿಸಿ ಅಳೆಯೋ ಪಿಟಿ100 ಸೆನ್ಸರ್ 72 ಡಿಗ್ರಿಗೆ ಸುಮಾರು 128 ಓಮ್ ತೋರಿಸತ್ತೆ, ಬಿಸಿ ಏರಿದ ಹಾಗೆ ಓಮ್ ಏರತ್ತೆ. ವೈರ್ ತುಂಡಾದ್ರೆ ಸರ್ಕ್ಯೂಟೇ ಕಡಿದು ಎಷ್ಟೋ ಕಂಟ್ರೋಲರ್‌ಗಳು ಅದನ್ನ ವಿಪರೀತ ಬಿಸಿ ಅಂತ ಓದ್ತವೆ, ಲೋ ಅಲಾರಂ ಬರೋದೇ ಇಲ್ಲ. ಸೆನ್ಸರ್ ಬ್ರೇಕ್ ಆದಾಗ್ಲೂ ರಿಲೇ ಬಿಡೋ ಹಾಗೆ ಬೇರೆ ಸೆಟ್ ಮಾಡ್ಬೇಕು. ಹಾಗಾಗಿ ‘ಅಲಾರಂನಲ್ಲಿ ರಿಲೇ ಬಿಡತ್ತೆ’ ಅಂತ ನಡೆಯೋದನ್ನೇ ಹೇಳೋದು ಮೇಲು ಅನ್ಸತ್ತೆ.

‘ಹಿಸ್ಟರಿಸಿಸ್’ಗೆ ‘ಮರಳು ಅಂತರ’ ಅಂತ ಹಾಕಿದೀನಿ: 72ಕ್ಕೆ ಇಳಿದಾಗ ಬಿಟ್ಟ ರಿಲೇ 72.5ಕ್ಕೆ ಏರಿದ ಮೇಲಷ್ಟೇ ಮತ್ತೆ ಹಿಡಿಯತ್ತೆ, ಆ ಅರ್ಧ ಡಿಗ್ರಿ ಇಲ್ದಿದ್ರೆ ವಾಲ್ವ್ ಪಟಪಟ ಅಂತ ಹೊಡ್ಕೋತಾನೇ ಇರತ್ತೆ. ಆದ್ರೆ ಮರಳು ಅಂದ್ರೆ ಉಸುಕು ಅಂತ ಓದ್ಕೊಂಡ್ರೆ ಕಷ್ಟ, ಬೇರೆ ಪದ ಇದ್ರೆ ಹೇಳಿ.

ಕೊನೇದು ‘ಲ್ಯಾಚಿಂಗ್’, ಅಂದ್ರೆ ಬಿಸಿ ಸರಿಹೋದ್ರೂ ಆಪರೇಟರ್ ಬಟನ್ ಒತ್ತೋವರೆಗೂ ಅಲಾರಂ ಹೋಗಬಾರದು ಅನ್ನೋ ಸೆಟ್ಟಿಂಗ್. ‘ಅಗುಳಿ ಅಲಾರಂ’ ಅನ್ನೋಣ್ವಾ? ಉತ್ತರ ಕರ್ನಾಟಕ, ಕರಾವಳಿ ಕಡೆ ಎಲೆಕ್ಟ್ರಿಷಿಯನ್‌ಗಳು ಇದಕ್ಕೆ ಏನಂತಾರೆ ಅಂತ ಗೊತ್ತಿರೋರು ದಯವಿಟ್ಟು ತಿಳಿಸಿ.