ಅಣ್ಣ ತರಲಿರುವ ಗಿಟಾರು ಮತ್ತು ಅಜ್ಜನ ಬೀಟೆ ಮಂಚ

ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಚಿಕ್ಕಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ರಾಶಿ ಬಿದ್ದ ದಿಮ್ಮಿಗಳ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು:

“ವಿದೇಶದಿಂದ ಗಿಟಾರ್ ತರುವವರೇ ಎಚ್ಚರ! ಬೀಟೆ ಮರದ ಗಿಟಾರ್‌ಗಳನ್ನು ವಿಮಾನ ನಿಲ್ದಾಣದಲ್ಲೇ ಜಪ್ತಿ ಮಾಡಿ, ತಂದವರ ಮೇಲೆ ಮೊಕದ್ದಮೆ ಹಾಕುತ್ತಿದ್ದಾರೆ. ಅಮೆರಿಕದಲ್ಲಿ ದೊಡ್ಡ ಗಿಟಾರ್ ಕಾರ್ಖಾನೆಯ ಮೇಲೇ ದಾಳಿಯಾಗಿದೆ. ನಿಮ್ಮವರಿಗೆಲ್ಲ ತಲುಪಿಸಿ.”

ಅದರ ಬೆನ್ನಿಗೇ ಚಿಕ್ಕಪ್ಪನ ಮಾತು: “ನ್ಯೂಜೆರ್ಸಿಯವನು ಇದನ್ನು ಓದಲಿ. ಮುಂದಿನ ತಿಂಗಳು ಬರುವಾಗ ಗಿಟಾರ್ ತರುತ್ತೇನೆ ಎಂದಿದ್ದಾನಲ್ಲ, ಸುಮ್ಮನೆ ತೊಂದರೆಗೆ ಸಿಕ್ಕಿಹಾಕಿಕೊಳ್ಳುವುದು ಬೇಡ.”

ಆ ಗಿಟಾರ್ ಬರಬೇಕಾಗಿರುವುದು ನನಗೆ. ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕುಳಿತು, ಬೆಂಗಳೂರಿನ ಮೇಷ್ಟ್ರೊಬ್ಬರಿಂದ ವಿಡಿಯೋ ಕರೆಯ ಮೂಲಕ ಕಲಿಯುತ್ತಿದ್ದೇನೆ. ಕರೆಯಲ್ಲಿ ದನಿ ಅರೆಕ್ಷಣ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸುವುದು ಸಾಧ್ಯವಿಲ್ಲ; ಅವರು ನುಡಿಸಿ ನಿಲ್ಲಿಸಬೇಕು, ಆಮೇಲೆ ನಾನು ನುಡಿಸಬೇಕು. ಅಷ್ಟರಲ್ಲೇ ನಾನು ಸಾಕಷ್ಟು ಕಲಿತಿದ್ದೇನೆ ಎಂಬ ಹೆಮ್ಮೆ ನನಗಿದೆ. ಇಷ್ಟು ವರ್ಷ ನುಡಿಸಿದ್ದು ಪ್ಲೈವುಡ್ಡಿನ ಗಿಟಾರು. ಅಣ್ಣ ಕೊಂಡಿರುವುದಕ್ಕೆ ಮುಂಭಾಗ ಸ್ಪ್ರೂಸ್ ಮರದ್ದು, ಬೆನ್ನು ಮತ್ತು ಪಕ್ಕಗಳು ಬೀಟೆಯವು.

ನಾನು ಮೊದಲು ಕೇಳಿದ್ದು ಇಷ್ಟೇ: “ಚಿಕ್ಕಪ್ಪ, ಇದು ಯಾವ ವರ್ಷದ ಸುದ್ದಿ? ಯಾವ ನಿಲ್ದಾಣದಲ್ಲಿ ಯಾರ ಗಿಟಾರನ್ನು ಹಿಡಿದರು ಎಂದು ಇದರಲ್ಲಿ ಎಲ್ಲಿಯೂ ಇಲ್ಲವಲ್ಲ.”

ಚಿಕ್ಕಪ್ಪ: “ನನ್ನ ಜೊತೆ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು ಕಳಿಸಿದ್ದು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.”

ದೊಡ್ಡಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಗುಂಪಿನಲ್ಲಿ ಅವರು ಬರೆಯುವುದು ಅಪರೂಪ, ಬರೆದರೆ ಒಂದು ಪುಟ. “ಜಪ್ತಿ ಮಾಡಿದರೆ ತಪ್ಪೇನಿದೆ? ನಮ್ಮದೇ ಜಮೀನಿನಲ್ಲಿ ಬೆಳೆದ ಬೀಟೆಯನ್ನು ಕಡಿಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಒಂದು ಬೀಟೆ ಮರ ಕೈತುಂಬ ಕಾಂಡ ಕಟ್ಟುವುದಕ್ಕೆ ಒಬ್ಬ ಮನುಷ್ಯನ ಆಯುಷ್ಯ ಸಾಲದು. ನಮ್ಮ ಘಟ್ಟದ ಮರ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ವಾದ್ಯವಾಗಿ, ವಿಮಾನದಲ್ಲಿ ಮತ್ತೆ ಇದೇ ಊರಿಗೆ ಬರಬೇಕೇ? ಸಂಗೀತ ಕಲಿಯಲು ಕೊರಳಿದೆ, ತಂಬೂರಿಯಿದೆ. ಹಿರಿಯರು ಅಷ್ಟರಲ್ಲೇ ತೃಪ್ತರಾಗಿದ್ದರು.”

ಇದಕ್ಕೆ ಉತ್ತರ ಹೊಂದಿಸುತ್ತಿದ್ದೆ. ಅಷ್ಟರಲ್ಲಿ ಶಿವಮೊಗ್ಗದ ಅತ್ತೆ ಬಂದರು: “ಬೀಟೆಯ ಮಾತು ಬಂತಲ್ಲ, ಈಗಲಾದರೂ ಕೇಳುತ್ತೇನೆ. ಅಪ್ಪಯ್ಯನ ಬೀಟೆ ಮಂಚ ಎಲ್ಲಿಗೆ ಹೋಯಿತು? ಪಾಲಿನ ದಿನ ಅದು ಬೆಂಗಳೂರಿಗೆ ಹೋಗುತ್ತದೆ ಎಂದರು, ಆಮೇಲೆ ಅದನ್ನು ಯಾರೂ ಕಾಣಲಿಲ್ಲ. ಹೆಣ್ಣುಮಕ್ಕಳು ಆವತ್ತು ಬಾಯಿ ತೆರೆಯುವ ಹಾಗಿರಲಿಲ್ಲ.”

ಚಿಕ್ಕಪ್ಪ ಮಂಚದ ಪ್ರಶ್ನೆಗೆ ಉತ್ತರಿಸದೆ ನನ್ನ ಕಡೆ ತಿರುಗಿದರು: “ಪ್ರತಿಯೊಂದಕ್ಕೂ ಆಧಾರ ಕೇಳುವವಳು, ಯೂಟ್ಯೂಬಿನ ಮಾತು ಕೇಳಿ ಇದ್ದ ಗಿಟಾರನ್ನು ಹಾಳು ಮಾಡಿಕೊಂಡೆಯಲ್ಲ, ಆಗ ಯಾವ ಆಧಾರ ಕೇಳಿದ್ದೆ?”

ಈ ಮಾತು ನನಗೆ ನಾಟಿತು, ಏಕೆಂದರೆ ಅದು ನಿಜ. ಎರಡು ವರ್ಷದ ಹಿಂದೆ ಹೊರದೇಶದ ಪಾಠವೊಂದರಲ್ಲಿ, ಗಿಟಾರಿನ ಮರ ಒಣಗಿ ಬಿರಿಯುತ್ತದೆ, ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜನ್ನು ಇಡಬೇಕು ಎಂದು ಹೇಳಿದ್ದನ್ನು ನೋಡಿ ಹಾಗೆಯೇ ಮಾಡಿದ್ದೆ. ಆ ಸಲಹೆ ಹಿಮ ಬೀಳುವ ಊರುಗಳಲ್ಲಿ, ಚಳಿಗಾಲದಲ್ಲಿ ಹೀಟರ್ ಹಾಕಿ ಗಾಳಿ ಒಣಗಿರುವ ಮನೆಗಳಿಗೆ ಹೇಳಿದ್ದು. ನಾನು ಅದನ್ನು ಪಾಲಿಸಿದ್ದು ತೀರ್ಥಹಳ್ಳಿಯ ಆಷಾಢದಲ್ಲಿ. ಗಿಟಾರಿಗೆ ಒಗ್ಗುವ ತೇವಾಂಶ ಶೇಕಡ 45ರಿಂದ 55. ನಮ್ಮಲ್ಲಿ ಮಳೆ ಹಿಡಿದರೆ ಅದು 90ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತಿಂಗಳೊಳಗೆ ಮುಂಭಾಗದ ಹಲಗೆ ಉಬ್ಬಿ, ತಂತಿಗಳು ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಂದ ಮೇಲೆದ್ದು, ಒತ್ತಿದರೆ ಬೆರಳು ಕಡಿಯುವಂತಾಯಿತು. ಎತ್ತರ ಇಳಿಸಲೆಂದು, ತಂತಿಗಳು ಕೂರುವ ಪ್ಲಾಸ್ಟಿಕ್ ಸ್ಯಾಡಲ್ ತೆಗೆದು ಮೂಳೆಯದನ್ನು ತರಿಸಿ ಉಜ್ಜುಕಾಗದದಲ್ಲಿ ತೀಡಿದೆ, ಹೆಚ್ಚೇ ತೀಡಿದೆ. ಮಳೆ ಹೋಗಿ ಹಲಗೆ ಕೆಳಗಿಳಿದಾಗ ತಂತಿಗಳೆಲ್ಲ ಫ್ರೆಟ್‌ಗೆ ತಾಗಿ ಜುಯ್ಯೆನ್ನತೊಡಗಿದವು. ಕೊನೆಗೆ ತಂತಿಗಳನ್ನು ಹಲಗೆಗೆ ಹಿಡಿದಿಡುವ ಬ್ರಿಜ್‌ನ ಅಂಟೂ ಬಿಟ್ಟಿತು.

ಅದನ್ನೆಲ್ಲ ಗುಂಪಿನಲ್ಲಿ ಒಪ್ಪಿಕೊಂಡು ಬರೆದೆ: “ಹೌದು ಚಿಕ್ಕಪ್ಪ. ಯಾವ ಊರಿಗೆ, ಯಾವ ಕಾಲಕ್ಕೆ ಹೇಳಿದ ಮಾತು ಎಂದು ನೋಡದೆ ನಂಬಿದ್ದು ನನ್ನ ತಪ್ಪು. ಅದಕ್ಕಾಗಿಯೇ ಈ ಸಂದೇಶದ ಕಾಲ ಯಾವುದು ಎಂದು ಕೇಳುತ್ತಿದ್ದೇನೆ.”

ಸಾಗರದ ಭಾವ ಅಷ್ಟರಲ್ಲಿ ನೆನಪಿನಲ್ಲೇ ಮಂಚದ ಮೇಲೆ ಮಲಗಿಬಿಟ್ಟಿದ್ದರು: “ಆ ಮಂಚದ ಮೇಲೆ ಬೇಸಿಗೆ ರಜೆಯಲ್ಲಿ ನಾವು ಐದು ಮಕ್ಕಳು ಅಡ್ಡಡ್ಡ ಮಲಗುತ್ತಿದ್ದೆವು. ಕಾಲಿನ ಕೆತ್ತನೆಯಲ್ಲಿ ಒಂದು ಗಿಳಿ ಇತ್ತು, ಅದರ ಕೊಕ್ಕು ಮುರಿದದ್ದು ನಾನು, ಬೈಸಿಕೊಂಡದ್ದು ಬೇರೆಯವರು. ಮಳೆಗಾಲದಲ್ಲಿ ಆ ಮರಕ್ಕೆ ಒಂದು ತಂಪು ಬರುತ್ತಿತ್ತು.” ಇದಕ್ಕೆ ಒಂಬತ್ತು ಜನ ಹೃದಯದ ಚಿಹ್ನೆ ಒತ್ತಿದರು. ನನ್ನ ಪ್ರಶ್ನೆಗೆ ಒಬ್ಬರೂ ಏನೂ ಬರೆಯಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕುಳಿತು ಎಲ್ಲವನ್ನೂ ಒಂದೇ ಸಂದೇಶದಲ್ಲಿ ಬರೆದೆ. ಅದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ, ಏಕೆಂದರೆ ಇದೇ ಫಾರ್ವರ್ಡ್ ಬೇರೆ ಮನೆಗಳಿಗೂ ಬಂದಿರಬಹುದು.

“ಕಾರ್ಖಾನೆಯ ಮೇಲೆ ದಾಳಿ ನಡೆದದ್ದು ನಿಜ, ಆದರೆ ಅದು 2011ರ ಆಗಸ್ಟಿನಲ್ಲಿ. ಅಮೆರಿಕದ ಗಿಬ್ಸನ್ ಎಂಬ ಗಿಟಾರ್ ಕಂಪನಿಯ ಮೇಲೆ, ಅಕ್ರಮವಾಗಿ ಬಂದ ಮರದ ವ್ಯಾಪಾರವನ್ನು ತಡೆಯುವ ಅಲ್ಲಿನ ಲೇಸಿ ಕಾಯ್ದೆಯಡಿ ಆದ ತನಿಖೆ ಅದು. ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ಕುರಿತ ತಕರಾರೂ ಅದರಲ್ಲಿತ್ತು. ಮರುವರ್ಷ ಕಂಪನಿಯು ಮೂರು ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿ ಪ್ರಕರಣ ಮುಗಿಯಿತು. ತಿಳಿಯದೆ ಇಂಥ ಮರದ ವಾದ್ಯ ಇಟ್ಟುಕೊಂಡಿರುವ ಸಂಗೀತಗಾರರ ಬೆನ್ನು ಹತ್ತುವುದಿಲ್ಲ ಎಂದು ಅಲ್ಲಿನ ಸರ್ಕಾರವೇ ಆಗ ತಿಳಿಸಿತ್ತು. ಎರಡನೆಯದಾಗಿ, ಅಪಾಯದಲ್ಲಿರುವ ಜೀವಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಬೀಟೆಯ ಕುಲದ ಎಲ್ಲ ಮರಗಳನ್ನೂ 2017ರ ಜನವರಿ 2ರಿಂದ ತನ್ನ ಪಟ್ಟಿಗೆ ಸೇರಿಸಿತು. ಭಯ ಹುಟ್ಟಿದ್ದು ಆಗಲೇ. ಆಗಲೂ ವ್ಯಾಪಾರಕ್ಕಲ್ಲದೆ ಸಾಗಿಸುವ ಹತ್ತು ಕಿಲೋವರೆಗಿನ ಮರಕ್ಕೆ ವಿನಾಯಿತಿ ಇತ್ತು. ಒಂದು ಗಿಟಾರಿನಲ್ಲಿರುವ ಬೀಟೆ ಅದರ ಕಾಲು ಭಾಗವೂ ತೂಗುವುದಿಲ್ಲ. ಕಂಪನಿಗಳಿಗೆ ಮಾತ್ರ ಪ್ರತಿ ಸಾಗಣೆಗೂ ಕಾಗದ ಮಾಡಿಸುವುದು ತಲೆನೋವಾಯಿತು, ಫೆಂಡರ್‌ನಂಥ ಗಿಟಾರ್ ಕಂಪನಿ ಹಲವು ಮಾದರಿಗಳಲ್ಲಿ ಬೀಟೆ ಬಿಟ್ಟು ಪಾವ್ ಫೆರೊ ಮರ ಹಾಕಿತು. ಕೊನೆಗೆ 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳನ್ನು ಆ ನಿಯಮದಿಂದ ಹೊರಗಿಟ್ಟರು. ಬೀಟೆಯ ಕುಲದ್ದೇ ಆದ ಬ್ರೆಜಿಲಿನ ರೋಸ್‌ವುಡ್‌ಗೆ ಮಾತ್ರ ಈ ಸಡಿಲಿಕೆ ಇಲ್ಲ. ಅದು 1992ರಿಂದ ಅತ್ಯಂತ ಬಿಗಿಯಾದ ಪಟ್ಟಿಯಲ್ಲಿದೆ. ಅಣ್ಣನ ಗಿಟಾರಿನದು ಬ್ರೆಜಿಲಿನದಲ್ಲ, ನಮ್ಮ ಬೀಟೆ.”

ದೊಡ್ಡಪ್ಪ ಇದನ್ನು ಪೂರ್ತಿ ಓದಿದರು. ಗುಂಪಿನಲ್ಲಿ ಆ ದಿನ ಒಂದು ಸಂದೇಶವನ್ನು ಕೊನೆಯವರೆಗೆ ಓದಿದವರು ಅವರೊಬ್ಬರೇ ಎಂದು ಅವರ ಪ್ರಶ್ನೆಯಿಂದ ತಿಳಿಯಿತು: “ಕಾನೂನಿನ ಮಾತು ಒಪ್ಪಿದೆ. ಆದರೆ ಬೀಟೆಯೇ ಏಕೆ ಬೇಕು? ಬೇರೆ ಮರದಲ್ಲಿ ನಾದ ಹುಟ್ಟುವುದಿಲ್ಲವೇ?”

ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನ ಉತ್ತರ ನನ್ನ ಆಸೆಗೇ ವಿರುದ್ಧವಾಗಿತ್ತು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದ್ದರು. ಒಂದೇ ಅಳತೆಯ ಆರು ಗಿಟಾರ್‌ಗಳನ್ನು ಮಾಡಿಸಿ, ಬೆನ್ನು ಮತ್ತು ಪಕ್ಕಗಳಿಗೆ ಮಾತ್ರ ಬೇರೆ ಬೇರೆ ಮರ ಹಾಕಿಸಿ, ಮರ ಕಣ್ಣಿಗೆ ಕಾಣದಂತೆ ಮಾಡಿ 52 ಗಿಟಾರ್ ವಾದಕರಿಗೆ ಕೊಟ್ಟರು. ದುಬಾರಿ ಬ್ರೆಜಿಲ್ ಮರಕ್ಕೂ ಭಾರತದ ಬೀಟೆಗೂ ಅಗ್ಗದ ಮರಗಳಿಗೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹಾಗೆಂದು ದೊಡ್ಡಪ್ಪನಿಗೆ ಬರೆದೆ. ಬೀಟೆಗೆ ಗಿಟಾರ್ ಲೋಕದಲ್ಲಿ ಇಷ್ಟು ಬೆಲೆ ಬಂದದ್ದು ಬ್ರೆಜಿಲಿನ ಮರ ಸಿಗದಂತಾಗಿ, ಅಮೆರಿಕದ ಮಾರ್ಟಿನ್ ಎಂಬ ಗಿಟಾರ್ ಕಂಪನಿ 1969ರ ಹೊತ್ತಿಗೆ ನಮ್ಮ ಮರದ ಕಡೆ ತಿರುಗಿದ ಮೇಲೆ. ಈಗ ನಮ್ಮ ಮರಕ್ಕೂ ಅದೇ ಗತಿ ಬರಬಾರದು ಎಂಬ ಅವರ ಕಾಳಜಿ ಸರಿಯಾದದ್ದು ಎಂದೂ ಸೇರಿಸಿದೆ. ಅಣ್ಣ ಕೊಳ್ಳುವ ಮೊದಲೇ ನನಗೆ ಇದು ಗೊತ್ತಿದ್ದರೆ ಮಹಾಗನಿಯದನ್ನೇ ತರಲು ಹೇಳುತ್ತಿದ್ದೆ. ಗುಂಪಿನಲ್ಲಿ ಚರ್ಚೆಯಾಗಬೇಕಿದ್ದದ್ದು ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ದೊಡ್ಡಪ್ಪ: “ಒಪ್ಪಿಕೊಂಡೆಯಲ್ಲ ಮಗಳೇ, ಅಷ್ಟು ಸಾಕು. ಬಂದ ವಾದ್ಯವನ್ನು ಚೆನ್ನಾಗಿ ನೋಡಿಕೋ.”

ಚಿಕ್ಕಪ್ಪ: “ಹಾಗಾದರೆ ನಾನು ಹಾಕಿದ್ದು ಸುಳ್ಳು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದಿರಿ. ಒಳ್ಳೆಯದಕ್ಕೆ ಹೇಳಿದವನೇ ಕೆಟ್ಟವನು.”

ಅತ್ತೆ: “ಮಂಚದ ವಿಷಯ ಹಾಗೇ ಉಳಿಯಿತು.”

ಸಂಜೆ ನಾಲ್ಕೂವರೆಗೆ ನ್ಯೂಜೆರ್ಸಿಯಲ್ಲಿ ಬೆಳಗಾಯಿತು. ತನ್ನ ಗಿಟಾರಿನ ಮೇಲೆ ದಿನವಿಡೀ ನಡೆದ ವಾಗ್ವಾದವನ್ನು ಅಣ್ಣ ಎದ್ದ ಮೇಲೆ ಓದಿ ಬರೆದ: “ರಸೀದಿ ನನ್ನ ಬಳಿ ಇದೆ, ಮರದ ಹೆಸರೂ ಅದರಲ್ಲಿದೆ. ಸುಂಕ ಕಟ್ಟಬೇಕಾಗಿ ಬಂದರೆ ಕಟ್ಟುತ್ತೇನೆ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ತರುತ್ತೇನೆ. ತಂಗೀ, ಅಲ್ಲಿ ಮಳೆ ಶುರುವಾಗಿರುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವಾಂಶ ಅಳೆಯುವ ಮೀಟರ್ ಈಗಲೇ ತರಿಸಿ ಇಟ್ಟುಕೋ. ಸ್ಪಂಜು ಬೇಡ. ಅಂದಹಾಗೆ, ಅಜ್ಜನ ಮಂಚ ಮಾರಿದ್ದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಯಾರು ಕೊಂಡರು, ಚಿಕ್ಕಪ್ಪ?”

ಮಾರಿದ್ದು ಎಂಬ ಶಬ್ದವನ್ನು ಗುಂಪಿನಲ್ಲಿ ಅದುವರೆಗೆ ಯಾರೂ ಬಳಸಿರಲಿಲ್ಲ. ಚಿಕ್ಕಪ್ಪ ಸಂದೇಶ ಓದಿರುವುದು ನೀಲಿ ಗುರುತಿನಿಂದ ಕಾಣುತ್ತಿತ್ತು. ಅವರು ಬರೆಯಲು ತೊಡಗಿದರು, ನಿಲ್ಲಿಸಿದರು, ಮತ್ತೆ ತೊಡಗಿದರು. ರಾತ್ರಿ ಹತ್ತಕ್ಕೆ ಅತ್ತೆ ನನಗೆ ಫೋನ್ ಮಾಡಿ, ಆ ಮಂಚವನ್ನು ಕೊಂಡವರು ಮೈಸೂರಿನ ಹಳೆಯ ಸಾಮಾನಿನ ಅಂಗಡಿಯವರಂತೆ, ಚಿಕ್ಕಪ್ಪ ಈಗಷ್ಟೇ ತಮಗೆ ಒಬ್ಬರಿಗೇ ಬರೆದು ತಿಳಿಸಿದರು ಎಂದರು. ಗುಂಪಿನಲ್ಲಿ ಮಾತ್ರ ಆ ಪ್ರಶ್ನೆಯ ಕೆಳಗೆ ಇನ್ನೂ ಏನೂ ಇಲ್ಲ, ಮೇಲೆ ದಿಮ್ಮಿಗಳ ಚಿತ್ರವೂ ಹಾಗೆಯೇ ಇದೆ.